ಗುವಾಮ್‌ನ ಕೋಳಿಗೂಡಿನ ಕಳ್ಳ

ಕರೆಂಟ್ ಹೋಯಿತೆಂದರೆ ಗುವಾಮ್ ದ್ವೀಪದ ಲೈನ್‌ಮನ್‌ಗಳಿಗೆ ಹಾವಿನ ಮೇಲೆಯೇ ಗುಮಾನಿ. ಹೋಗಿ ನೋಡಿದರೆ ಎರಡು ತಂತಿಗಳ ನಡುವೆಯೋ ಟ್ರಾನ್ಸ್‌ಫಾರ್ಮರಿನ ಮೇಲೆಯೋ ಸುಟ್ಟು ಕರಕಲಾದ ಹಾವೊಂದು ಜೋತುಬಿದ್ದಿರುತ್ತಿತ್ತು. 1978ರಿಂದ ಮುಂದಿನ ಇಪ್ಪತ್ತು ವರ್ಷಗಳಲ್ಲಿ ಬರೀ ಹಾವಿನಿಂದಲೇ ಅಲ್ಲಿ ಕರೆಂಟ್ ಹೋದದ್ದು 1,600ಕ್ಕೂ ಹೆಚ್ಚು ಸಲ. ಲೆಕ್ಕ ಹಾಕಿದರೆ ವಾರಕ್ಕೊಮ್ಮೆಗಿಂತ ಹೆಚ್ಚಾಯಿತು. ಅದೇ ಕಾಲಕ್ಕೆ ಅದೇ ದ್ವೀಪದಲ್ಲಿ, ಕಾಡಿನ ಹಕ್ಕಿಗಳೆಲ್ಲ ಎಲ್ಲಿ ಹೋದವು ಎಂದು ವನ್ಯಜೀವಿ ಇಲಾಖೆಯವರು ತಲೆ ಕೆಡಿಸಿಕೊಂಡಿದ್ದರು. ಉತ್ತರ ಕಂಬದ ಮೇಲೆ ನೇತಾಡುತ್ತಿತ್ತು. ಎರಡನ್ನೂ ಒಟ್ಟಿಗೆ ಇಟ್ಟು ನೋಡುವುದಕ್ಕೆ ಮಾತ್ರ ಬಹಳ ಕಾಲ ಹಿಡಿಯಿತು.

ಗುವಾಮ್ ಇರುವುದು ಪಶ್ಚಿಮ ಪೆಸಿಫಿಕ್ಕಿನಲ್ಲಿ, ಫಿಲಿಪ್ಪೀನ್ಸ್‌ಗೆ ಪೂರ್ವದಲ್ಲಿ. ಮರಿಯಾನಾ ದ್ವೀಪಗಳಲ್ಲೆಲ್ಲ ಇದೇ ದೊಡ್ಡದು. ದೊಡ್ಡದೆಂದರೂ ಸುಮಾರು 540 ಚದರ ಕಿಲೋಮೀಟರ್, ಬೆಂಗಳೂರು ನಗರದೊಳಗೆ ಹಿಡಿಸಿಬಿಡುವಷ್ಟು. ಮೂಲನಿವಾಸಿಗಳು ಚಮೊರೊ ಜನ. 1898ರಿಂದ ಆಳ್ವಿಕೆ ಅಮೆರಿಕದ್ದು, ನಡುವೆ ಎರಡನೇ ಮಹಾಯುದ್ಧದಲ್ಲಿ ಎರಡೂವರೆ ವರ್ಷ ಜಪಾನಿನದು. ದಕ್ಷಿಣದಲ್ಲಿ ಗುಡ್ಡಗಳು, ಉತ್ತರದಲ್ಲಿ ಸುಣ್ಣಕಲ್ಲಿನ ಪ್ರಸ್ಥಭೂಮಿ, ಅದರ ಮೇಲೆ ಕಾಡು.

ಆ ಕಾಡಿನಲ್ಲಿ ಹನ್ನೆರಡರಷ್ಟು ಜಾತಿಯ ಸ್ಥಳೀಯ ಹಕ್ಕಿಗಳಿದ್ದವು. ನಮ್ಮ ಹುಂಡುಕೋಳಿಯ ಬಳಗಕ್ಕೆ ಸೇರಿದ, ಹಾರಲಾರದ ಒಂದು ನೆಲದ ಹಕ್ಕಿ. ಚಮೊರೊ ಜನ ಅದನ್ನು ಕೊಕೊ ಎನ್ನುತ್ತಾರೆ. ಸಿಹೆಕ್ ಎಂಬ ಮಿಂಚುಳ್ಳಿ, ಮೈ ದಾಲ್ಚಿನ್ನಿ ಬಣ್ಣ, ರೆಕ್ಕೆ ನೀಲಿ. ಮಿಂಚುಳ್ಳಿಯಾದರೂ ಅದಕ್ಕೆ ಮೀನಿನ ಗೊಡವೆಯಿಲ್ಲ, ಕಾಡಿನೊಳಗೆ ಹುಳು, ಹಲ್ಲಿ ಹಿಡಿದು ತಿನ್ನುವ ಜೀವ. ಇವಲ್ಲದೆ ಒಂದು ನೊಣಹಿಡುಕ, ಒಂದು ಬೆಳ್ಗಣ್ಣ, ಹಣ್ಣು ತಿನ್ನುವ ಪಾರಿವಾಳಗಳು, ಕಾಗೆ, ಕಬ್ಬಕ್ಕಿ. ಹಾವು ಎನ್ನುವುದು ಆ ದ್ವೀಪದ ಹಕ್ಕಿಗಳಿಗೆ ಗೊತ್ತೇ ಇರಲಿಲ್ಲ. ಅಲ್ಲಿ ಇದ್ದದ್ದು ಒಂದೇ, ನಮ್ಮ ಹೂಕುಂಡದ ಮಣ್ಣಿನಲ್ಲೂ ಸಿಗುವ ಹುಳಹಾವು. ಎರೆಹುಳುವಿನಷ್ಟು ಗಾತ್ರದ ಆ ಕುರುಡು ಜೀವ ಯಾವ ಹಕ್ಕಿಗೂ ತೊಂದರೆ ಕೊಟ್ಟದ್ದಿಲ್ಲ.

1960ರ ದಶಕದಲ್ಲಿ ದಕ್ಷಿಣದ ಕಾಡುಗಳು ಸದ್ದಿಲ್ಲದಾದವು. ಆಮೇಲೆ ದ್ವೀಪದ ನಡುಭಾಗ. 1980ರ ದಶಕ ಶುರುವಾಗುವ ಹೊತ್ತಿಗೆ ಹೆಚ್ಚಿನ ಜಾತಿಗಳೆಲ್ಲ ಉತ್ತರದ ತುದಿಗೆ ಹೋಗಿ ಮುದುಡಿಕೊಂಡಿದ್ದವು. ವಿಚಿತ್ರವೆಂದರೆ ಮರಗಳು ಇದ್ದಲ್ಲೇ ಇದ್ದವು. ಕಾಡು ಕಡಿದು ಹಕ್ಕಿ ಹೋಯಿತು ಎನ್ನುವ ಹಾಗಿರಲಿಲ್ಲ. ಹಣ್ಣು ಬಿಟ್ಟ ಮರದ ಕೆಳಗೆ ಹಣ್ಣು ಕೊಳೆಯುತ್ತಿತ್ತು, ತಿನ್ನುವವರಿಲ್ಲ.

ಮೊದಲ ಅನುಮಾನ ಡಿಡಿಟಿ ಮೇಲೆ. ಅನುಮಾನಕ್ಕೆ ಕಾರಣವೂ ಇತ್ತು. ಯುದ್ಧದ ಕಾಲದಿಂದಲೂ ಸೈನ್ಯ ಸೊಳ್ಳೆ ಕೊಲ್ಲಲು ಅದನ್ನು ಧಾರಾಳವಾಗಿ ಸಿಂಪಡಿಸಿತ್ತು. ರೇಚಲ್ ಕಾರ್ಸನ್ 1962ರಲ್ಲಿ ಪುಸ್ತಕ ಬರೆದ ಮೇಲೆ, ಹಕ್ಕಿ ಸತ್ತರೆ ಕೀಟನಾಶಕ ಎಂದು ಬೆರಳು ತೋರಿಸುವುದು ವಿಜ್ಞಾನಿಗಳಿಗೆ ಅಭ್ಯಾಸವಾಗಿಬಿಟ್ಟಿತ್ತು. ಎರಡನೆಯ ಅನುಮಾನ ರೋಗದ ಮೇಲೆ. ಹವಾಯಿಯಲ್ಲಿ ಸೊಳ್ಳೆ ತಂದ ಹಕ್ಕಿಮಲೇರಿಯಾ ಎಷ್ಟೋ ಜಾತಿಗಳನ್ನು ಮುಗಿಸಿತ್ತಲ್ಲ, ಇಲ್ಲೂ ಹಾಗೇ ಆಗಿರಬೇಕು ಎಂದುಕೊಂಡರು. ಬೇಟೆ, ಚಂಡಮಾರುತ, ಇಲಿ, ಬೆಕ್ಕು ಎಲ್ಲವೂ ಪಟ್ಟಿಯಲ್ಲಿದ್ದವು. ಹಾವಿನ ಹೆಸರು ಇರಲಿಲ್ಲವೆಂದಲ್ಲ, ಅದನ್ನು ಗಂಭೀರವಾಗಿ ತೆಗೆದುಕೊಂಡವರು ಕಡಿಮೆ.

1982ರಲ್ಲಿ ಜೂಲಿ ಸಾವಿಜ್ ಗುವಾಮ್‌ಗೆ ಬಂದರು. ಆಗ ಅವರು ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ವಿದ್ಯಾರ್ಥಿನಿ. ಹಕ್ಕಿಗಳು ಏಕೆ ಸಾಯುತ್ತಿವೆ ಎಂದು ಹುಡುಕುವುದು ಅವರಿಗೆ ವಹಿಸಿದ್ದ ಕೆಲಸ. ಮೊದಲು ಎಲ್ಲರೂ ಹಿಡಿದ ದಾರಿಯನ್ನೇ ಹಿಡಿದರು. ಹಕ್ಕಿಗಳ ರಕ್ತ ತೆಗೆದು ಪರೀಕ್ಷಿಸಿದರು, ಸತ್ತು ಬಿದ್ದ ಹಕ್ಕಿಗಳನ್ನು ಕೊಯ್ದು ನೋಡಿಸಿದರು. ಕಾಡಿಗೆ ಕಾಡೇ ಖಾಲಿಯಾಗುವಂಥ ರೋಗದ ಗುರುತು ಸಿಗಲಿಲ್ಲ. ಪ್ರಾಣಿಗಳ ಮೈಯಲ್ಲಿ ಕೀಟನಾಶಕದ ಅಂಶ ಹುಡುಕಿದ ಬೇರೆಯವರಿಗೂ ಸಿಕ್ಕದ್ದು ಅತ್ಯಲ್ಪ. ಅಲ್ಲದೆ ಸನಿಹದ ಸೈಪಾನ್ ದ್ವೀಪ ಗುವಾಮ್‌ನಷ್ಟೇ ಯುದ್ಧ ಕಂಡಿತ್ತು, ಬಾಂಬು ಉಂಡಿತ್ತು. ಅಲ್ಲಿಯ ಹಕ್ಕಿಗಳು ಸುಖವಾಗಿದ್ದವು.

ಆ ಹೊತ್ತಿಗೆ ಗುವಾಮ್‌ನ ಸಾಮಾನ್ಯ ಜನಕ್ಕೆ ಹಾವಿನ ಕಾಟ ಸಾಕುಸಾಕಾಗಿತ್ತು. ರಾತ್ರಿ ಕೋಳಿಗೂಡಿನಲ್ಲಿ ಗದ್ದಲ, ಬೆಳಗ್ಗೆ ನೋಡಿದರೆ ಮೊಟ್ಟೆಯೂ ಇಲ್ಲ, ಮರಿಯೂ ಇಲ್ಲ. ಪಂಜರದ ಸಾಕುಹಕ್ಕಿಯನ್ನು ನುಂಗಿದ ಹಾವು, ಉಬ್ಬಿದ ಹೊಟ್ಟೆಯಿಂದಾಗಿ ಸರಳುಗಳ ನಡುವೆ ಹೊರಬರಲಾಗದೆ ಒಳಗೇ ಸುರುಳಿ ಸುತ್ತಿ ಕೂತಿರುತ್ತಿತ್ತು. ಇದು ಕಂದು ಮರಹಾವು. ಬೊಯ್ಗಾ ಎಂಬ ಕುಲಕ್ಕೆ ಸೇರಿದ್ದು. ನಮ್ಮ ಪಶ್ಚಿಮ ಘಟ್ಟದ ಬೆಕ್ಕುಗಣ್ಣಿನ ಹಾವುಗಳೂ ಇದೇ ಕುಲದವು: ಸೀಳಿದಂತಿರುವ ಕಣ್ಣಿನ ಪಾಪೆ, ಸಣಕಲು ಮೈ, ರಾತ್ರಿಯ ಓಡಾಟ, ದೊಡ್ಡವರಿಗೆ ಅಷ್ಟೇನೂ ಅಪಾಯ ಮಾಡದ ಮಂದ ವಿಷ. ಮಂಡಲದ ಹಾವೆಂದು ತಪ್ಪು ತಿಳಿದು ನಮ್ಮಲ್ಲಿ ಅವನ್ನು ಹೊಡೆದು ಸಾಯಿಸುವುದೂ ಇದೆ. ಗುವಾಮ್‌ನದು ಇವುಗಳ ದಾಯಾದಿ, ಸಾಮಾನ್ಯವಾಗಿ ಒಂದೆರಡು ಮೀಟರ್, ಅಪರೂಪಕ್ಕೆ ಮೂರು ಮೀಟರ್ ಉದ್ದ ಬೆಳೆಯುತ್ತದೆ.

ಸಾವಿಜ್ ಮಾಡಿದ ಜಾಣತನದ ಕೆಲಸವೆಂದರೆ ಜನರನ್ನು ಕೇಳಿದ್ದು. ನಿಮ್ಮ ಊರಲ್ಲಿ ಈ ಹಾವನ್ನು ಮೊದಲು ಕಂಡದ್ದು ಯಾವಾಗ ಎಂದು ಹಳೆಯ ನಿವಾಸಿಗಳಿಂದ ವಿವರ ಕೂಡಿಸಿದರು, ಹಳೆಯ ಪತ್ರಿಕೆಗಳ ಸುದ್ದಿ ಹುಡುಕಿದರು. ಅದರಿಂದ ಒಂದು ನಕ್ಷೆ ಎದ್ದುಬಂತು. 1950ರ ದಶಕದ ಆರಂಭದಲ್ಲಿ ಹಾವು ಕಂಡದ್ದು ಅಪ್ರಾ ಬಂದರಿನ ಆಸುಪಾಸು. ಅಲ್ಲಿಂದ ದಕ್ಷಿಣಕ್ಕೆ ಹರಡಿತು, ಉತ್ತರಕ್ಕೆ ಹರಡಿತು, 1960ರ ದಶಕ ಮುಗಿಯುವಾಗ ಉತ್ತರದ ತುದಿ ಮುಟ್ಟಿತು. ಹಕ್ಕಿಗಳು ಎಲ್ಲಿ, ಯಾವಾಗ ಕಣ್ಮರೆಯಾದವು ಎಂಬ ಇನ್ನೊಂದು ನಕ್ಷೆಯನ್ನು ಇದರ ಪಕ್ಕಕ್ಕೆ ಹಿಡಿದರು. ಹಾವು ಮುಂದೆ, ಕೆಲವು ವರ್ಷ ಹಿಂದೆ ಮೌನ. ಮರದ ತುದಿಯ ಹಕ್ಕಿ, ನೆಲದ ಹಕ್ಕಿ, ಹಣ್ಣು ತಿನ್ನುವುದು, ಹುಳ ತಿನ್ನುವುದು ಎಂಬ ಭೇದವಿಲ್ಲದೆ ಹತ್ತು ಜಾತಿಗಳು ಒಂದೇ ದಾರಿಯಲ್ಲಿ ಉತ್ತರಕ್ಕೆ ಸರಿದು ಕುಸಿದಿದ್ದವು.

ನಕ್ಷೆ ಹೊಂದಿತೆಂದು ಅಪರಾಧ ಸಾಬೀತಾಗುವುದಿಲ್ಲವಲ್ಲ. ಬಂದರಿನಿಂದ ಹಾವಿನ ಹಾಗೆಯೇ ರೋಗವೂ ಹರಡಬಹುದು. ಹಾಗಾಗಿ ಅವರು ಬಲೆ ಒಡ್ಡಿದರು. ತಂತಿಬಲೆಯ ಬೋನು, ಅದಕ್ಕೆ ಆಲಿಕೆಯ ಆಕಾರದ ಬಾಯಿ: ಒಳಗೆ ನುಗ್ಗುವುದು ಸುಲಭ, ಹೊರಗೆ ಬರುವುದು ಕಷ್ಟ. ಒಳಗೆ ಜೀವಂತ ಗೌಜಲಹಕ್ಕಿ, ಅದಕ್ಕೆ ಕಾಳು, ನೀರು. ಇವನ್ನು ಕಾಡಿನಲ್ಲಿ ಅಲ್ಲಲ್ಲಿ ಇಟ್ಟು ಬೆಳಗ್ಗೆ ಬಂದು ನೋಡುವುದು. ಹಕ್ಕಿಗಳು ಮಾಯವಾದ ಕಾಡುಗಳಲ್ಲಿ ಇಟ್ಟ ಗೌಜಲಹಕ್ಕಿಗಳಲ್ಲಿ ನಾಲ್ಕು ರಾತ್ರಿ ಕಳೆಯುವಷ್ಟರಲ್ಲಿ ಮುಕ್ಕಾಲು ಪಾಲು ಹಾವಿನ ಹೊಟ್ಟೆ ಸೇರಿದ್ದವು. ಹಕ್ಕಿಗಳು ಇನ್ನೂ ಉಳಿದಿದ್ದ ಜಾಗಗಳಲ್ಲಿ ಈ ಪ್ರಮಾಣ ಎಷ್ಟೋ ಕಡಿಮೆ. ಮುಕ್ಕಾಲು ಪಾಲು, ನಾಲ್ಕೇ ರಾತ್ರಿಯಲ್ಲಿ! ಗೂಡಿನಲ್ಲಿ ವಾರಗಟ್ಟಲೆ ಕಾವು ಕೂರಬೇಕಾದ ಹಕ್ಕಿಯ ಪಾಡು ಏನಾಗಿರಬೇಕು ಎನ್ನುವುದಕ್ಕೆ ಬೇರೆ ಲೆಕ್ಕ ಬೇಕಿರಲಿಲ್ಲ.

ಬದುಕಿ ಉಳಿದವರ ಸಾಕ್ಷಿಯೂ ಸಿಕ್ಕಿತು. ಹಾವಿಗೆ ಹತ್ತಲು ಕಷ್ಟವಾದ ಗುಹೆಯ ಗೋಡೆಯಲ್ಲಿ ಗೂಡು ಕಟ್ಟುವ ಬಾನಾಡಿಗಳು ಒಂದಷ್ಟು ಉಳಿದಿದ್ದವು. ಹಾವಿನ ಮೈ ನಿಲುಕದ ಕಡೆ ಮಲಗುವ, ಮೊಟ್ಟೆಯಿಡುವ ಹಕ್ಕಿಗಳಿಗೆ ಏಟು ಕಡಿಮೆ ಬಿದ್ದಿತ್ತು. ಡಿಡಿಟಿಯಾಗಲಿ ರೋಗವಾಗಲಿ ಗೂಡಿನ ಜಾಗ ನೋಡಿ ಕೊಲ್ಲುವುದಿಲ್ಲ.

ಇಷ್ಟಾದರೂ ತಜ್ಞರು ಒಪ್ಪಲು ಹಿಂಜರಿದರು. ಅವರ ಪ್ರಶ್ನೆ ಸುಲಭವಾಗಿ ತಳ್ಳಿಹಾಕುವಂಥದ್ದಾಗಿರಲಿಲ್ಲ. ಬೇಟೆ ಕಡಿಮೆಯಾದರೆ ಬೇಟೆಗಾರನೂ ಕಡಿಮೆಯಾಗಬೇಕು. ಉಳಿದ ಬೇಟೆಗೆ ಉಸಿರಾಡಲು ಅವಕಾಶ ಸಿಗಬೇಕು. ಹಕ್ಕಿ ಮುಗಿಯುವ ಮೊದಲೇ ಹಾವು ಹಸಿದು ಸಾಯಬೇಕಿತ್ತಲ್ಲ? ಹಾವೊಂದು ಒಂದು ದ್ವೀಪದ ಹಕ್ಕಿಗಳನ್ನೆಲ್ಲ ತಿಂದು ಮುಗಿಸಿದ ಉದಾಹರಣೆಯೂ ಅದುವರೆಗೆ ಎಲ್ಲೂ ಇರಲಿಲ್ಲ.

ಉತ್ತರ ಹಾವಿನ ಹೊಟ್ಟೆಯಲ್ಲೇ ಇತ್ತು. ಸಾವಿಜ್ ಹಾವುಗಳನ್ನು ಕೊಯ್ದು ಏನು ತಿಂದಿವೆ ಎಂದು ನೋಡಿದರು. ಸಣ್ಣ ಹಾವುಗಳ ಹೊಟ್ಟೆಯಲ್ಲಿ ಹಲ್ಲಿ, ಅರಣೆ. ದೊಡ್ಡವುಗಳದರಲ್ಲಿ ಹಕ್ಕಿ, ಮೊಟ್ಟೆ, ಇಲಿ. ಗುವಾಮ್‌ನಲ್ಲಿ ಹಲ್ಲಿ, ಅರಣೆಗಳಿಗೆ ಬರವಿರಲಿಲ್ಲ, ಅವುಗಳಲ್ಲೂ ಕೆಲವು ಹೊರಗಿನಿಂದ ಬಂದು ಬೇಗ ಬೇಗ ಹೆಚ್ಚಿದ್ದವು. ಅಂದರೆ ಹಾವಿನ ಮರಿಗಳಿಗೆ ದಿನದ ಅನ್ನ ಹಲ್ಲಿ, ಬೆಳೆದ ಮೇಲೆ ಹಕ್ಕಿ ಹಬ್ಬದೂಟ. ಹಬ್ಬದೂಟ ಮುಗಿದರೂ ದಿನದ ಅನ್ನ ಮುಗಿಯಲಿಲ್ಲ. ಹಕ್ಕಿ ವಿರಳವಾದಂತೆ ಹಾವು ವಿರಳವಾಗಲಿಲ್ಲ, ಸಿಕ್ಕ ಒಂದೊಂದು ಗೂಡನ್ನೂ ಬಿಡದೆ ತಿಂದುಹಾಕಿತು. ಹಾವುಗಳು ಅತಿ ಹೆಚ್ಚಿದ್ದಾಗ ಒಂದು ಹೆಕ್ಟೇರ್ ಕಾಡಿನಲ್ಲಿ ಐವತ್ತರಿಂದ ನೂರು ಇದ್ದವೆಂದು ಸಂಶೋಧಕರ ಅಂದಾಜು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಎಕರೆ ತೋಟಕ್ಕೆ ಇಪ್ಪತ್ತರಿಂದ ನಲವತ್ತು ಹಾವು.

ಹಾವು ಬಂದ ಬಗೆ ಆಮೇಲೆ ಬಿಡಿಸಿದ ಒಗಟು. ಯುದ್ಧ ಮುಗಿದ ಮೇಲೆ ಪಪುವಾ ನ್ಯೂ ಗಿನಿಯ ಉತ್ತರದ ಮಾನಸ್ ದ್ವೀಪದಲ್ಲಿ ಅಮೆರಿಕದ ಸೈನ್ಯ ಬಿಟ್ಟಿದ್ದ ಸಾಮಾನು ಸರಂಜಾಮುಗಳು ಗುವಾಮ್‌ಗೆ ಸಾಗಿಬಂದವು. ಯಾವುದೋ ಯಂತ್ರದ ಸಂದಿಯಲ್ಲಿ, ಯಾವುದೋ ಪೆಟ್ಟಿಗೆಯ ತಳದಲ್ಲಿ ಸುರುಳಿ ಸುತ್ತಿ ಬಂದಿಳಿದವು ಬೆರಳೆಣಿಕೆಯಷ್ಟು ಹಾವುಗಳು. ವಂಶವಾಹಿ ಅಧ್ಯಯನಗಳೂ ಮಾನಸ್ ಕಡೆಗೇ ಕೈ ತೋರಿಸಿವೆ.

ಸಾವಿಜ್ ಅವರ ಪ್ರಬಂಧ 'ಇಕಾಲಜಿ' ಪತ್ರಿಕೆಯಲ್ಲಿ ಅಚ್ಚಾದದ್ದು 1987ರಲ್ಲಿ. ಅಷ್ಟರಲ್ಲಿ ಮುಗಿಯಬೇಕಾದ್ದು ಮುಗಿದಿತ್ತು. ಉತ್ತರದ ತುದಿಯಲ್ಲಿ ಕಡಿದಾದ ಸುಣ್ಣಕಲ್ಲಿನ ಬಂಡೆಯ ಬುಡದಲ್ಲಿ ಪಾಜೋನ್ ಎಂಬ ಕಾಡಿನ ತುಣುಕಿದೆ. 1983ರಲ್ಲಿ ಹತ್ತು ಜಾತಿಗಳನ್ನೂ ಒಟ್ಟಿಗೆ ಕಾಣಬಹುದಾದ ಕೊನೆಯ ಜಾಗ ಅದು. ಮೂರು ವರ್ಷ ಕಳೆಯುವುದರಲ್ಲಿ ಅಲ್ಲೂ ಸದ್ದಡಗಿತು. ನೊಣಹಿಡುಕ ಮತ್ತು ಬೆಳ್ಗಣ್ಣ ಭೂಮಿಯಿಂದಲೇ ಹೋದವು. ಸ್ಥಳೀಯ ವನ್ಯಜೀವಿ ವಿಭಾಗದ ರಾಬರ್ಟ್ ಬೆಕ್ ಮತ್ತು ಜೊತೆಗಾರರು, ಪ್ರಬಂಧ ಅಚ್ಚಾಗಲಿ ಎಂದು ಕಾಯದೆ, ಕಾಡಿಗೆ ಹೋಗಿ ಉಳಿದ ಕೊಕೊಗಳಲ್ಲಿ ಸುಮಾರು ಇಪ್ಪತ್ತನ್ನು ಹಿಡಿದು ತಂದು ಸಾಕಿದರು. 29 ಸಿಹೆಕ್ ಮಿಂಚುಳ್ಳಿಗಳನ್ನು ಹಿಡಿದು ಅಮೆರಿಕದ ಮೃಗಾಲಯಗಳಿಗೆ ಕಳಿಸಿದರು. ನನ್ನ ಮಟ್ಟಿಗೆ ಇಡೀ ಕತೆಯಲ್ಲಿ ಎಲ್ಲಕ್ಕಿಂತ ತುರ್ತಿನ, ಎಲ್ಲಕ್ಕಿಂತ ವಿವೇಕದ ಕೆಲಸ ಇದು. ಕಾರಣ ಪೂರ್ತಿ ತಿಳಿಯಲಿ, ಆಮೇಲೆ ನೋಡೋಣ ಎಂದು ಕೂತಿದ್ದರೆ ಇವತ್ತು ಬರೆಯಲು ಎರಡು ಹಕ್ಕಿ ಕಡಿಮೆಯಾಗುತ್ತಿದ್ದವು.

ಹಾವೇ ಕಳ್ಳ ಎಂದು ಗೊತ್ತಾದ ಮೇಲೆ ಅದು ಇನ್ನೇನೇನು ಕದ್ದಿದೆ ಎಂಬುದು ಒಂದೊಂದಾಗಿ ಹೊರಬರತೊಡಗಿತು. ಗುವಾಮ್ ಕಾಡಿನಲ್ಲಿ ನಡೆಯುವವರು ಮುಖಕ್ಕೆ ಮೆತ್ತುವ ಜೇಡರಬಲೆ ಬಿಡಿಸಲು ಕೈಯಲ್ಲೊಂದು ಕೋಲು ಹಿಡಿದಿರುತ್ತಾರೆ. ಹ್ಯಾಲ್ಡ್ರೆ ರಾಜರ್ಸ್ ಎಂಬ ವಿಜ್ಞಾನಿ ಬಲೆಗಳನ್ನು ಎಣಿಸಿಯೇಬಿಟ್ಟರು. 2012ರಲ್ಲಿ ಅವರ ತಂಡ ಪ್ರಕಟಿಸಿದ ಲೆಕ್ಕದಂತೆ, ಮಳೆಗಾಲದಲ್ಲಿ ಗುವಾಮ್‌ನ ಜೇಡಗಳು ಹಕ್ಕಿಗಳಿರುವ ನೆರೆಯ ದ್ವೀಪಗಳಲ್ಲಿರುವುದಕ್ಕಿಂತ ನಲವತ್ತು ಪಟ್ಟಿನವರೆಗೂ ಹೆಚ್ಚು. ಜೇಡ ಹೆಚ್ಚಿತು, ಸಸಿ ಕಡಿಮೆಯಾಯಿತು. ಬೀಜವನ್ನು ನುಂಗಿ ದೂರ ಒಯ್ದು ಹಾಕುವ ಹಕ್ಕಿಯಿಲ್ಲದೆ ಹಣ್ಣೆಲ್ಲ ತಾಯಿಮರದ ಬುಡದಲ್ಲೇ ಬೀಳುತ್ತದೆ. ಎರಡು ಜಾತಿಯ ಮರಗಳಲ್ಲಿ ಹೊಸ ಸಸಿಗಳು ಶೇ. 61ರಿಂದ 92ರಷ್ಟು ಕಡಿಮೆಯಾಗಿರಬಹುದೆಂದು 2017ರಲ್ಲಿ ಅದೇ ರಾಜರ್ಸ್ ತಂಡ ಅಂದಾಜಿಸಿತು.

ಹಾವು ಕೊಲ್ಲುವ ಮದ್ದಿನ ಕತೆಯಂತೂ ತಮಾಷೆಯಾಗಿದೆ. ಅಮೆರಿಕದ ಕೃಷಿ ಇಲಾಖೆಯ ಪೀಟರ್ ಸಾವರಿ ಮತ್ತು ಸಂಗಡಿಗರು ಹಲವು ರಾಸಾಯನಿಕಗಳನ್ನು ಪರೀಕ್ಷಿಸಿ ಕೊನೆಗೆ ಆರಿಸಿದ್ದು ಪ್ಯಾರಾಸಿಟಮಾಲ್. ಹೌದು, ಕೋವಿಡ್ ಕಾಲದಲ್ಲಿ ನಮ್ಮ ಮನೆಮನೆಯ ಡಬ್ಬಿಯಲ್ಲಿದ್ದ ಅದೇ ಜ್ವರದ ಮಾತ್ರೆ. ಈ ಹಾವಿಗೆ 80 ಮಿಲಿಗ್ರಾಂ ಸಾಕು, ಡೋಲೋ 650ರ ಎಂಟನೇ ಒಂದು ಭಾಗ. ಅದರ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಹೋಗಿ ಸಾಯುತ್ತದೆ. ಬೇರೆ ಹೆಚ್ಚಿನ ಹಾವುಗಳ ಹಾಗಲ್ಲದೆ ಇದು ಸತ್ತ ಪ್ರಾಣಿಯನ್ನೂ ನುಂಗುತ್ತದೆ. ಆದ್ದರಿಂದ ಸತ್ತ ಇಲಿಮರಿಗಳಿಗೆ ಮಾತ್ರೆ ಸೇರಿಸಿ, ಕೊಂಬೆಗೆ ಸಿಕ್ಕಿಕೊಳ್ಳಲೆಂದು ಕಾಗದದ ಪಟ್ಟಿ ಕಟ್ಟಿ, ಹೆಲಿಕಾಪ್ಟರಿನಿಂದ ಕಾಡಿನ ಮೇಲೆ ಉದುರಿಸಿದರು. 2013ರಲ್ಲಿ ಒಮ್ಮೆ ಹೀಗೆ ಬಿದ್ದ ಇಲಿಮರಿಗಳು 2,000. ನೆಲಕ್ಕೆ ಬಿದ್ದರೆ ಏಡಿಗಳ ಪಾಲು. ಹಾವಿರುವುದು ಮೇಲೆ, ಅದಕ್ಕೇ ಪಟ್ಟಿ.

ಹಾವೂ ಸುಮ್ಮನಿರಲಿಲ್ಲ. ಗುವಾಮ್‌ನಲ್ಲಿ ಉಳಿದ ಕಬ್ಬಕ್ಕಿಗಳಿಗಾಗಿ ಕಂಬದ ಮೇಲೆ ಗೂಡುಪೆಟ್ಟಿಗೆ ಇಟ್ಟು, ಹಾವು ಹತ್ತದಿರಲೆಂದು ಕಂಬದ ಸುತ್ತ ಎಂಟು ಇಂಚು ವ್ಯಾಸದ ನುಣುಪು ತಗಡಿನ ಕೊಳವೆ ಹಾಕುವ ಪ್ರಯೋಗ ನಡೆದಿತ್ತು. ಅಷ್ಟು ದಪ್ಪದ ನುಣುಪು ಕೊಳವೆ ಹತ್ತುವುದು ಹಾವಿನ ಕೈಲಾಗದ ಕೆಲಸ ಎಂದೇ ನಂಬಿಕೆ. ಇರುಳಿನ ಕ್ಯಾಮೆರಾದ ಚಿತ್ರಗಳನ್ನು ಗಂಟೆಗಟ್ಟಲೆ ನೋಡುತ್ತ ಕೂತವರಿಗೆ ಒಂದು ಕಡೆ ಕಂಡದ್ದೇ ಬೇರೆ. ಹಾವು ಕೊಳವೆಯನ್ನು ಒಂದೇ ಸುತ್ತು ಸುತ್ತಿ, ಬಾಲವನ್ನು ಮೈಗೆ ಹೆಣೆದು ಕುಣಿಕೆ ಮಾಡಿಕೊಂಡಿತು. ಆ ಕುಣಿಕೆಯನ್ನು ಬಿಗಿಹಿಡಿದು, ಅದರೊಳಗೇ ಮೈಯನ್ನು ಸಣ್ಣಸಣ್ಣದಾಗಿ ಬಳುಕಿಸುತ್ತ ಇಷ್ಟಿಷ್ಟೇ ಮೇಲೇರಿತು. ನಡುನಡುವೆ ಜಾರಿತು, ನಿಂತು ಏದುಸಿರು ಬಿಟ್ಟಿತು, ಮತ್ತೆ ಏರಿತು. ಅಡಿಕೆ ಮರ ಹತ್ತುವ ಕೊನೆಗಾರ ಕಾಲಿಗೆ ಹಗ್ಗದ ತಳೆ ಹಾಕಿಕೊಳ್ಳುವುದನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಹಾವಿನ ಚಲನೆ ನಾಲ್ಕು ಬಗೆ ಎಂದು ಸುಮಾರು ನೂರು ವರ್ಷದಿಂದ ಪುಸ್ತಕಗಳಲ್ಲಿತ್ತು. ಇದು ಐದನೆಯದು. 2021ರ ಜನವರಿಯಲ್ಲಿ 'ಕರೆಂಟ್ ಬಯಾಲಜಿ' ಪತ್ರಿಕೆಯಲ್ಲಿ ಬಂದ ಆ ವರದಿಯ ಮೊದಲ ಹೆಸರು ಜೂಲಿ ಸಾವಿಜ್ ಅವರದೇ. ಇದೇ ಹಾವಿನ ಬೆನ್ನು ಹತ್ತಿ ಆಗಲೇ ಮೂವತ್ತೆಂಟು ವರ್ಷ ಕಳೆದಿತ್ತು.

ಲೈನ್‌ಮನ್‌ಗಳಿಗೆ ಮಾತ್ರ ಈ ಸುದ್ದಿಯಿಂದ ಆಶ್ಚರ್ಯವಾಗಿರಲಾರದು. ಹಾವು ನುಣುಪು ಕಂಬ ಹತ್ತುತ್ತದೆಂದು ಅವರಿಗೆ ಎಂದೋ ಗೊತ್ತಿತ್ತು. ಹೇಗೆ ಹತ್ತುತ್ತದೆಂದು ಅವರನ್ನು ಯಾರೂ ಕೇಳಿರಲಿಲ್ಲ, ಅಷ್ಟೇ.

ಹಾವನ್ನು ದ್ವೀಪದಿಂದ ಪೂರ್ತಿ ತೊಲಗಿಸುವುದು ಇನ್ನೂ ಆಗಿಲ್ಲ. ಗುವಾಮ್‌ನಿಂದ ಹೊರಡುವ ವಿಮಾನ, ಹಡಗುಗಳ ಸರಕನ್ನು ತರಬೇತಿ ಪಡೆದ ನಾಯಿಗಳು ಮೂಸಿ ನೋಡಿ ಕಳಿಸುತ್ತವೆ. ಹವಾಯಿಯಂಥ ಕಡೆಗೆ ಒಂದು ಬಸುರಿ ಹಾವು ತಲುಪಿದರೂ ಸಾಕು, ಇದೇ ಕತೆ ಅಲ್ಲಿ ಶುರುವಾದೀತು ಎಂಬ ಭಯ. ದಕ್ಷಿಣ ತುದಿಯಿಂದ ಕೂಗಳತೆಯಲ್ಲಿರುವ ಪುಟ್ಟ ಕೋಕೋಸ್ ದ್ವೀಪಕ್ಕೆ ಹಾವು ದಾಟಿದ್ದು 2020ರಲ್ಲಿ ಪತ್ತೆಯಾಯಿತು. ಸಾಕಿ ಹೆಚ್ಚಿಸಿದ ಕೊಕೊಗಳನ್ನು ಹಾವಿಲ್ಲವೆಂಬ ಧೈರ್ಯದ ಮೇಲೆ 2010ರಲ್ಲಿ ಬಿಟ್ಟದ್ದು ಅಲ್ಲೇ. ನೆರೆಯ ರೋಟಾ ದ್ವೀಪದಲ್ಲೂ 1989ರಿಂದ ಬಿಡುತ್ತ ಬಂದಿದ್ದಾರೆ, ಅಲ್ಲಿ ಬೆಕ್ಕುಗಳ ಕಾಟ. ಇಷ್ಟರ ನಡುವೆಯೂ 2019ರಲ್ಲಿ ಅಂತರರಾಷ್ಟ್ರೀಯ ಕೆಂಪುಪಟ್ಟಿ ಕೊಕೊ ಹಕ್ಕಿಯನ್ನು 'ಕಾಡಿನಲ್ಲಿ ಅಳಿದುಹೋದದ್ದು' ಎಂಬ ಸಾಲಿನಿಂದ ತೆಗೆದು ಒಂದು ಮೆಟ್ಟಿಲು ಮೇಲಕ್ಕೆ ಸೇರಿಸಿತು. ಹಾಗೆ ಮರಳಿ ಬಂದ ಹಕ್ಕಿ ಅದಕ್ಕೆ ಮೊದಲು ಒಂದೇ ಇತ್ತು, ಕ್ಯಾಲಿಫೋರ್ನಿಯಾದ ಕಾಂಡೋರ್ ರಣಹದ್ದು.

ಸಿಹೆಕ್ ಮಿಂಚುಳ್ಳಿ ಮೂವತ್ತೆಂಟರಷ್ಟು ವರ್ಷ ಪಂಜರದಲ್ಲೇ ಸಂಸಾರ ಮಾಡಿತು. 2024ರ ಸೆಪ್ಟೆಂಬರಿನಲ್ಲಿ ಒಂಬತ್ತು ಮರಿಹಕ್ಕಿಗಳನ್ನು ಪೆಸಿಫಿಕ್ಕಿನ ನಡುವಿನ ಪಾಮೈರಾ ಹವಳದ್ವೀಪದಲ್ಲಿ ಬಯಲಿಗೆ ಬಿಟ್ಟರು. ಅಲ್ಲಿ ಹಾವಿಲ್ಲ, ಇದ್ದ ಇಲಿಗಳನ್ನೂ ಮೊದಲೇ ತೆಗೆದಿದ್ದಾರೆ. ಗುವಾಮ್‌ನಿಂದ ಆ ದ್ವೀಪ ಸುಮಾರು ಆರು ಸಾವಿರ ಕಿಲೋಮೀಟರ್ ದೂರ. ಗುವಾಮ್‌ನ ಕಾಡಿನಲ್ಲಿ ಸಿಹೆಕ್ ಇನ್ನೂ ಇಲ್ಲ.